ಅಹಾಬನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು



 ಈ ಸಾರಿ ನಾವು ಬರೆಯುವ ಮಾತು ಸ್ವಲ್ಪ ಖಾರವಾಗಿದೆ. ಆ ಖಾರ ಮೊದಲು ನಮ್ಮ ಕಣ್ಣಿಗೇ ಬಿದ್ದಿದೆಯೆಂದು ತಿಳಿದು ಓದಿರಿ.

ದುಷ್ಟ ಅರಸರು ಪ್ರವಾದಿಗಳನ್ನು ಹಿಂಸಿಸಿದ ಸಂಗತಿಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಅಹಾಬನೆಂದರೆ ಕೆಟ್ಟವನು, ಈಜೆಬೆಲಳೆಂದರೆ ಇನ್ನೂ ಕೆಟ್ಟವಳು, ಹೆರೋದನೆಂದರೆ ಹೇಳುವುದೇ ಬೇಡ. ಕ್ರಿಸ್ಮಸ್ ನಾಟಕದಲ್ಲಿ ಹೆರೋದನ ವೇಷ ಹಾಕಿದ ಹುಡುಗನನ್ನು ಕಂಡರೆ ಮಕ್ಕಳೆಲ್ಲ ಛೀ ಎನ್ನುತ್ತಾರೆ. ಆಮೇಲೆ ನಾವು ಚಹಾ ಕುಡಿದು, ನಾವೆಲ್ಲ ಒಳ್ಳೆಯವರ ಪಕ್ಷದವರೆಂಬ ಸಮಾಧಾನದಿಂದ ಮನೆಗೆ ಹೋಗುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ನಾವು ಯಾರೂ ಕೇಳುವುದಿಲ್ಲ. ಅಹಾಬನು ನಾಬೋತನ ಮೇಲೆ ಒಂದಾದರೂ ಕಲ್ಲು ಎಸೆದನೇ? ಇಲ್ಲ. ಈಜೆಬೆಲಳು ಎಸೆದಳೇ? ಅವಳೂ ಇಲ್ಲ. ಹಾಗಾದರೆ ಆ ಕಲ್ಲುಗಳನ್ನು ಎತ್ತಿದ ಕೈಗಳು ಯಾರವು?

ಒಂದನೆಯ ಅರಸುಗಳು 21ನೆಯ ಅಧ್ಯಾಯವನ್ನು ತೆರೆಯಿರಿ. ಇಜ್ರೇಲಿನಲ್ಲಿ ಅರಮನೆಯ ಪಕ್ಕದಲ್ಲಿ ನಾಬೋತನ ದ್ರಾಕ್ಷೆಯ ತೋಟವಿತ್ತು. ಅರಸನಿಗೆ ಅಲ್ಲಿ ಕಾಯಿಪಲ್ಲೆ ಬೆಳೆಸುವ ಆಸೆಯಾಯಿತು. ಪಿತೃಗಳಿಂದ ಬಂದ ಭೂಮಿಯನ್ನು ಕೊಡಲಾರೆನೆಂದು ನಾಬೋತನು ಹೇಳಿದನು. ಅರಸನು ಊಟ ಬಿಟ್ಟು, ಮುಖ ತಿರುಗಿಸಿಕೊಂಡು ಮಂಚದ ಮೇಲೆ ಮಲಗಿದನು. ಮುಂದೆ ನಡೆದದ್ದನ್ನು ಗಮನವಿಟ್ಟು ನೋಡಿರಿ. ರಾಣಿಯು ಸೈನ್ಯ ಕಳುಹಿಸಲಿಲ್ಲ. ಪತ್ರ ಕಳುಹಿಸಿದಳು. ಅರಸನ ಹೆಸರಿನಲ್ಲಿ ಬರೆದು, ಅರಸನ ಮುದ್ರೆ ಒತ್ತಿ, ನಾಬೋತನ ಊರಿನ ಹಿರಿಯರಿಗೇ ಕಳುಹಿಸಿದಳು. ಉಪವಾಸ ಸಾರಿ ಜನರನ್ನು ಕೂಡಿಸಬೇಕು, ನಾಬೋತನನ್ನು ಮುಂದೆ ಕೂರಿಸಬೇಕು, ಇಬ್ಬರು ನೀಚರಿಂದ ಇವನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಹೇಳಿಸಬೇಕು, ಊರ ಹೊರಗೆ ಒಯ್ದು ಕಲ್ಲೆಸೆದು ಕೊಲ್ಲಬೇಕು. ಇದು ಪತ್ರದ ಸಾರ. ಹಿರಿಯರು ಅದರಂತೆಯೇ ಮಾಡಿದರು. ಒಬ್ಬನೂ ಎದ್ದು ನಿಂತು ಇದು ಸುಳ್ಳೆಂದು ಹೇಳಿದ ಗುರುತು ಆ ಅಧ್ಯಾಯದಲ್ಲಿಲ್ಲ.

ನೋಡಿದಿರಾ? ಕೊಲೆಗೆ ಮುಂಚೆ ಉಪವಾಸ ಕೂಟವೂ ನಡೆಯಿತು. ಇಬ್ಬರು ಸಾಕ್ಷಿಗಳಿಲ್ಲದೆ ಯಾರಿಗೂ ಮರಣದಂಡನೆ ಕೂಡದೆಂದು ಧರ್ಮಶಾಸ್ತ್ರದಲ್ಲಿದೆ. ಅದಕ್ಕಾಗಿ ಇಬ್ಬರನ್ನು ತಂದೂ ಆಯಿತು. ಕಾನೂನಿನ ಒಂದು ಅಕ್ಷರವೂ ತಪ್ಪಲಿಲ್ಲ. ನ್ಯಾಯವೊಂದೇ ಸತ್ತುಹೋಯಿತು. ಎಲೀಯನು ಬಂದು ಅರಸನ ಎದುರಿಗೆ ಈ ಕೊಲೆಯ ಮಾತೆತ್ತಿದಾಗ ಅಹಾಬನು ಅವನನ್ನು ತನ್ನ ವೈರಿಯೆಂದು ಕರೆದನು. ಕೊಲೆಗಾರನಿಗೆ ವೈರಿಯಾಗಿ ಕಂಡವನು ಕೊಲೆಯ ಹೆಸರು ಹೇಳಿದವನು.

ಈ ಅಧ್ಯಾಯವನ್ನು ಈಗ ಯಾಕೆ ಬರೆದೆವೆಂದು ಹೇಳುತ್ತೇವೆ.

ನಾವು ಮಕ್ತಲದ ಹತ್ತಿರದ ನಾರ್ವದವರು. 2019ರಿಂದ ನಾರಾಯಣಪೇಟೆ ಜಿಲ್ಲೆಯೆನ್ನುತ್ತಾರೆ, ಅದಕ್ಕೆ ಮುಂಚೆ ಮಹಬೂಬನಗರ, ಹಳಬರ ಬಾಯಲ್ಲಿ ಪಾಲಮೂರು. ಪಕ್ಕದ ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಗಡಿಯ ಗೆರೆ ಆ ಕಡೆ ಈ ಕಡೆ ಸರಿದರೂ ನಮ್ಮ ಮನೆಯ ಕನ್ನಡ ಸರಿಯಲಿಲ್ಲ, ನಮ್ಮ ಕೂಲಿಯ ಗಂಟೂ ಇಳಿಯಲಿಲ್ಲ. ಪಾಲಮೂರಿನ ಕೂಲಿಯೆಂದರೆ ದೇಶಕ್ಕೇ ಗೊತ್ತು. ಅಣೆಕಟ್ಟಿಗೆ ಮಣ್ಣು ಹೊತ್ತವರು, ಕಾಲುವೆ ಅಗೆದವರು, ಮೇಸ್ತ್ರಿಯ ಮುಂಗಡ ಹಿಡಿದು ಮಕ್ಕಳು ಮರಿಗಳೊಂದಿಗೆ ಊರು ಬಿಟ್ಟವರು. ಹೀಗೆ ಹೊರಟ ನಮ್ಮ ಕಡೆಯ ಕೆಲವು ಕುಟುಂಬಗಳು ಕಾಫಿ ತೋಟದ ಕೊಯ್ಲಿಗೂ ಹೋಗುತ್ತವೆ. ಉಪದೇಶಿಯಾಗಿ ಪ್ರಾರ್ಥನೆ ನಡೆಸಲೂ, ಯೂನಿಯನ್ನಿನ ಸ್ವಯಂಸೇವಕರಾಗಿ ಲೆಕ್ಕ ನೋಡಲೂ ನಾವು ಅವರ ಜೊತೆ ಹೋಗುವುದುಂಟು.

ಕಳೆದ ಕೊಯ್ಲಿನಲ್ಲಿ ನಾವಿದ್ದ ತೋಟದಲ್ಲಿ ಕೇಜಿ ಲೆಕ್ಕಕ್ಕೆ ಕೂಲಿ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕುಯ್ದ ಹಣ್ಣನ್ನು ಚೀಲದಲ್ಲಿ ತಂದು ತಕ್ಕಡಿಗಿಟ್ಟರೆ, ಹೊತ್ತ ಬೆನ್ನಿಗೆ ತಿಳಿದ ಭಾರ ತಕ್ಕಡಿಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ಗೊಣಗಿದರು. ನಮ್ಮ ಕಡೆಯ ತಂಗಿಯೊಬ್ಬಳು ಮಾತ್ರ ಗೊಣಗುವುದನ್ನು ಬಿಟ್ಟು ಒಂದು ಕೆಲಸ ಮಾಡಿದಳು. ಅಂಗಡಿಯಿಂದ ತಂದ, ಹೊಲಿಗೆ ಬಿಚ್ಚದ 25 ಕೇಜಿಯ ಅಕ್ಕಿ ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದು, ಎಲ್ಲರ ಮುಂದೆ ಅದೇ ತಕ್ಕಡಿಯ ಮೇಲಿಟ್ಟಳು. ತಕ್ಕಡಿ 23 ತೋರಿಸಿತು. ಅವಳು ಬಯ್ಯಲಿಲ್ಲ, ಕೂಗಲಿಲ್ಲ. ಎರಡು ಕೇಜಿ ಎಲ್ಲಿ ಹೋಯಿತಣ್ಣಾ ಎಂದು ಮಾತ್ರ ಕೇಳಿದಳು.

ಮರುದಿನ ಅವಳ ಹೆಸರು ಹಾಜರಿ ಪಟ್ಟಿಯಲ್ಲಿರಲಿಲ್ಲ. ಮೂರನೆಯ ದಿನ ರೈಟರು ಒಂದು ಕಾಗದ ತಂದರು. ಇವಳು ಹಣ್ಣು ಕದ್ದಳು, ಕೇಳಿದ್ದಕ್ಕೆ ಜಗಳ ತೆಗೆದಳು, ಉಳಿದ ಆಳುಗಳ ಕೆಲಸ ಕೆಡಿಸಿದಳು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಹೆಬ್ಬೆಟ್ಟಿಗೆ ಜಾಗ. ಓದು ಬಾರದವರು ನಮ್ಮ ಮುಖ ನೋಡಿದರು. ನಾವು ಎಸ್‌ಎಸ್‌ಎಲ್‌ಸಿ ಓದಿದವರಲ್ಲವೇ! ನಾವು ಕಾಗದ ಓದಿದೆವು. ಓದಿ, ಅಂಥಾದ್ದೇನೂ ಇಲ್ಲ, ತಕ್ಕಡಿಯ ಹತ್ತಿರ ಗಲಾಟೆಯಾಯಿತೆಂದು ಬರೆದಿದೆ ಅಷ್ಟೆ ಎಂದೆವು. ಅವರು ಹೆಬ್ಬೆಟ್ಟು ಒತ್ತಿದರು. ಕೊನೆಯಲ್ಲಿ ನಾವು ನೀಲಿ ಪೆನ್ನಿನಲ್ಲಿ ಸಹಿ ಹಾಕಿದೆವು. ಮುಂಗಡ ತೀರಿರಲಿಲ್ಲ, ಕೊಯ್ಲು ಮುಗಿಯಲು ಇನ್ನೂ ಮೂರು ವಾರವಿತ್ತು, ಮಕ್ಕಳಿಗೆ ಲೈನು ಮನೆ ಬೇಕಿತ್ತು. ಕಾರಣಗಳು ಬೇಕಾದಷ್ಟಿದ್ದವು. ಇಜ್ರೇಲಿನ ಹಿರಿಯರಿಗೂ ಇದ್ದಿರಬೇಕು.

ಅಂದು ರಾತ್ರಿ ಪ್ರಾರ್ಥನೆಯಲ್ಲಿ ನಾವು ಯಾವ ಭಾಗ ಓದಿದೆವೆಂದು ಕೇಳುತ್ತೀರಾ? ಕರ್ತನು ನನ್ನ ಕುರುಬನು ಎಂಬ ಕೀರ್ತನೆ. ನಾಬೋತನ ಅಧ್ಯಾಯ ತೆಗೆಯುವ ಧೈರ್ಯ ನಮಗಿರಲಿಲ್ಲ.

ಊರಿಗೆ ಬಂದ ಮೇಲೆ ಈ ವಿಷಯವನ್ನು ಸಭೆಯಲ್ಲಿ ಎತ್ತಿದೆವು. ಆಗ ಕೆಲವರು ಹೇಳಿದ ಮಾತುಗಳಿಗೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನ. ಒಬ್ಬರು ಹೇಳಿದರು, ಉಪದೇಶಿಗೆ ವಾಕ್ಯ ಸಾಕು, ತಕ್ಕಡಿ ಯಾಕೆ? ಇನ್ನೊಬ್ಬರು ಹೇಳಿದರು, ಪ್ರವಾದಿಗಳು ದೊಡ್ಡವರು, ಒಬ್ಬ ಕೂಲಿ ಹೆಂಗಸನ್ನು ಅವರಿಗೆ ಹೋಲಿಸುವುದು ದೇವದೂಷಣೆ. ಮೂರನೆಯವರು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ತೆಗೆದು, ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಮೇಜು ಕುಟ್ಟಿದರು.

ಮೊದಲನೆಯ ಮಾತು. ವಾಕ್ಯ ಸಾಕು, ತಕ್ಕಡಿ ಬೇಡವಂತೆ. ಆದರೆ ವಾಕ್ಯದಲ್ಲೇ ತಕ್ಕಡಿ ಇದೆಯಲ್ಲ! ಆಮೋಸನ ಪುಸ್ತಕದ 8ನೆಯ ಅಧ್ಯಾಯವನ್ನು ನೋಡಿರಿ. ಅಳತೆಯನ್ನು ಕಿರಿದು ಮಾಡಿ, ತೂಕದ ಕಲ್ಲನ್ನು ಹಿರಿದು ಮಾಡಿ, ಮೋಸದ ತಕ್ಕಡಿ ಹಿಡಿಯುವವರ ಮೇಲೆ ದೇವರು ಆಣೆಯಿಡುತ್ತಾನೆ, ಅವರ ಕೃತ್ಯಗಳನ್ನು ಎಂದಿಗೂ ಮರೆಯುವುದಿಲ್ಲವೆಂದು. ದೇವರು ಮರೆಯೆನೆಂದು ಆಣೆಯಿಟ್ಟ ತಕ್ಕಡಿಯನ್ನು ಉಪದೇಶಿ ಮರೆಯಬೇಕೇ? ಬೇತೇಲಿನ ಯಾಜಕನಾದ ಅಮಚ್ಯನೂ ಆಮೋಸನಿಗೆ ಇದನ್ನೇ ಹೇಳಿದನು. ಇದು ಅರಸನ ದೇವಾಲಯ, ಇಲ್ಲಿ ಮಾತಾಡಬೇಡ, ನಿನ್ನ ಊರಿಗೆ ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ ಎಂದನು. ಅರಸನಿಗೆ ಚಾಡಿ ಹೇಳಿದವನೂ ಅವನೇ. ಪ್ರವಾದಿಯ ಬಾಯಿಗೆ ಮೊದಲು ಕೈ ಅಡ್ಡ ಬಂದದ್ದು ಸಿಪಾಯಿಯದಲ್ಲ, ಯಾಜಕನದು. ಇದನ್ನು ಬರೆಯುವಾಗ ನಮ್ಮ ಕೈಯೂ ನಡುಗುತ್ತದೆ, ಏಕೆಂದರೆ ನಾವೂ ದೇವಾಲಯದ ಅನ್ನ ತಿನ್ನುವವರೇ.

ಎರಡನೆಯ ಮಾತು. ಪ್ರವಾದಿಗಳು ದೊಡ್ಡವರಂತೆ. ಆಮೋಸನು ಅಮಚ್ಯನಿಗೆ ಕೊಟ್ಟ ಉತ್ತರವನ್ನೂ ಓದಿರಿ. ತಾನು ಪ್ರವಾದಿಯ ಮಗನಲ್ಲ, ದನ ಕಾಯುವವನು, ಅತ್ತಿಮರದ ಹಣ್ಣಿನ ಕೆಲಸದವನು ಎನ್ನುತ್ತಾನೆ. ಮರ ಹತ್ತಿ ಹಣ್ಣು ನೋಡುವ ಕೆಲಸ! ಕೊಯ್ಲಿನ ಕೆಲಸದವನು ಪ್ರವಾದಿಯಾದದ್ದು ನಮ್ಮ ಕಾಲದಲ್ಲಿ ಹುಟ್ಟಿದ ಮಾತಲ್ಲ. ಯೆರೆಮೀಯನು ಅರಸನ ಕೋಪಕ್ಕೆ ಗುರಿಯಾದದ್ದು ಯಾವ ಮಾತಿಗೆ? 22ನೆಯ ಅಧ್ಯಾಯದಲ್ಲಿ ಯೆಹೋಯಾಕೀಮನ ಹೊಸ ಅರಮನೆಯ ಸುದ್ದಿ ಇದೆ. ವಿಶಾಲವಾದ ಕೋಣೆಗಳು, ದೇವದಾರಿನ ಹಲಗೆ, ಕೆಂಪು ಬಣ್ಣ. ಕೆಲಸ ಮಾಡಿದವರಿಗೆ ಮಾತ್ರ ಕೂಲಿ ಇಲ್ಲ. ಅದಕ್ಕೆ ಅಯ್ಯೋ ಎಂದನು ಪ್ರವಾದಿ. 34ನೆಯ ಅಧ್ಯಾಯಕ್ಕೆ ಬನ್ನಿರಿ. ಚಿದ್ಕೀಯ ಅರಸನ ಕಾಲದಲ್ಲಿ ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡುವೆವೆಂದು ಧಣಿಗಳು ದೇವಾಲಯದಲ್ಲಿ ಒಡಂಬಡಿಕೆ ಮಾಡಿದರು, ಬಿಟ್ಟರು, ಆಮೇಲೆ ಹಿಂದಕ್ಕೆ ಎಳೆದು ತಂದರು. ನಮ್ಮ ದೇಶದಲ್ಲಿ ಜೀತದಾಳು ಪದ್ಧತಿ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ. 1976ರಲ್ಲಿ ಅದು ಕಾಯ್ದೆಯಾಯಿತು. ರದ್ದಾದ ಮೇಲೂ ಮುಂಗಡದ ಹಗ್ಗದಿಂದ ಹಿಂದಕ್ಕೆ ಎಳೆಸಿಕೊಂಡ ಕುಟುಂಬಗಳು ನಿಮ್ಮ ಲೈನಿನಲ್ಲಿ ಇಲ್ಲವೇ? ನಮ್ಮ ಊರಿನಲ್ಲಿವೆ. ಯೆರೆಮೀಯನು ಮಾತಾಡಿದ್ದು ಇಂಥವರ ಪರವಾಗಿ.

ಆದ್ದರಿಂದ ಸಹೋದರರೇ, ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಪ್ರವಾದಿಗಳು ಆಕಾಶದ ಸುದ್ದಿ ಹೇಳಿದ್ದಕ್ಕಾಗಿ ಮಾತ್ರ ಪೆಟ್ಟು ತಿಂದವರಲ್ಲ. ಭೂಮಿ, ಕೂಲಿ, ತಕ್ಕಡಿ, ಸುಳ್ಳು ಸಾಕ್ಷಿ, ಇವುಗಳ ಹೆಸರು ಹೇಳಿದ್ದಕ್ಕಾಗಿಯೂ ಪೆಟ್ಟು ತಿಂದರು. 25 ಕೇಜಿಯ ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದ ನಮ್ಮ ತಂಗಿ ತಾನು ಪ್ರವಾದಿಯೆಂದು ಹೇಳಿಕೊಂಡಿಲ್ಲ. ಆಮೋಸನೂ ಹೇಳಿಕೊಳ್ಳಲಿಲ್ಲ.

ಮೂರನೆಯ ಮಾತು, ರೋಮಾಪುರದ 13. ಅದನ್ನು ಬರೆದ ಪೌಲನು ಎಷ್ಟು ಸಾರಿ ಸೆರೆಮನೆ ಕಂಡವನೆಂದು ಮೇಜು ಕುಟ್ಟುವವರು ಹೇಳುವುದಿಲ್ಲ. ಅಧಿಕಾರಿಯು ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕನೆಂದು ಅದೇ ಅಧ್ಯಾಯದಲ್ಲಿದೆ. ಸೇವಕನು ಕೆಲಸ ಮಾಡದಿದ್ದರೆ ಕೆಲಸವನ್ನು ನೆನಪಿಸುವುದು ಅವಿಧೇಯತೆಯೇ? ಫಿಲಿಪ್ಪಿಯಲ್ಲಿ ಪೌಲ ಸೀಲರನ್ನು ವಿಚಾರಣೆಯಿಲ್ಲದೆ ಹೊಡೆಸಿ, ಬೆಳಿಗ್ಗೆ ಸದ್ದಿಲ್ಲದೆ ಹೋಗಿಬಿಡಿರೆಂದು ಹೇಳಿಕಳುಹಿಸಿದರು. ಪೌಲನು ಹೋಗಲಿಲ್ಲ. ಹೊಡೆಸಿದವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದನು. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯ. ಅವರು ಬಂದು ಬೇಡಿಕೊಂಡರು. ಕಾನೂನಿನ ಹಕ್ಕನ್ನು ಕೇಳುವುದು ಪಾಪವಾಗಿದ್ದರೆ ಪೌಲನೇ ಮೊದಲ ಪಾಪಿ.

ಇದು ಇಸ್ರಾಯೇಲ್ಯರ ಕಾಲಕ್ಕೇ ಮುಗಿದ ಕಥೆಯೂ ಅಲ್ಲ. ನಮ್ಮ ಕನ್ನಡ ನೆಲಕ್ಕೇ ಬನ್ನಿರಿ. 12ನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವಯ್ಯನವರ ಮಗಳಿಗೂ ಮದುವೆಯಾಯಿತು. ಶರಣರು ಬಾಯಿಂದ ಹೇಳಿದ್ದನ್ನು ಮನೆಯಲ್ಲಿ ಮಾಡಿ ತೋರಿಸಿದ್ದೇ ತಪ್ಪಾಯಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಎಳೆಹೂಟೆಯೆಂದು ಅದಕ್ಕೆ ಹೆಸರು. ಅರಸನಿಗೆ ದೂರು ಒಯ್ದವರು ಊರಿನ ಸಂಪ್ರದಾಯದ ಹಿರಿಯರೇ. ಇಜ್ರೇಲಿಗೂ ಕಲ್ಯಾಣಕ್ಕೂ ಎಷ್ಟು ದೂರ, ಆದರೆ ಹಿರಿಯರು ಒಂದೇ ಜಾತಿಯವರು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂತು. 1977ರ ಮಾರ್ಚ್ 21ರವರೆಗೆ ಇತ್ತು. ಮಂಗಳೂರಿನ ಕ್ರೈಸ್ತ ಮನೆತನದ ಜಾರ್ಜ್ ಫರ್ನಾಂಡಿಸ್ ಹುಡುಗರಾಗಿದ್ದಾಗ ಬೆಂಗಳೂರಿನ ಸೆಮಿನರಿಯಲ್ಲಿ ಪಾದ್ರಿಯಾಗಲು ಓದಿದವರು, ಅದನ್ನು ಬಿಟ್ಟು ಕಾರ್ಮಿಕರ ನಡುವೆ ಹೋದವರು. 1974ರ ಮೇ ತಿಂಗಳ ರೈಲ್ವೆ ಮುಷ್ಕರ ಅವರ ನಾಯಕತ್ವದಲ್ಲಿ ನಡೆಯಿತು. ತುರ್ತುಪರಿಸ್ಥಿತಿಯಲ್ಲಿ ಅವರು ತಲೆಮರೆಸಿಕೊಂಡಾಗ, 1976ರ ಮೇ 1ರಂದು, ಕಾರ್ಮಿಕರ ದಿನದಂದೇ, ತಮ್ಮನಾದ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದರು. ಅಣ್ಣ ಎಲ್ಲಿದ್ದಾನೆಂದು ಹೇಳಿಸಲು ಚಿತ್ರಹಿಂಸೆ ಕೊಟ್ಟರು. ಮರುದಿನ ನಟಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಉಬ್ಬಸದ ಕಾಯಿಲೆಯ ಆ ತಾಯಿ ಬೆಂಗಳೂರಿನ ಜೈಲಿನಲ್ಲಿ ನವೆದು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದ ಐದೇ ದಿನಕ್ಕೆ, 20ನೆಯ ತಾರೀಖು ತೀರಿಕೊಂಡರು. ಜಾರ್ಜರು ಮುಂದೆ ಮಂತ್ರಿಯಾಗಿ ಅಧಿಕಾರದ ಕುರ್ಚಿಯಲ್ಲಿ ಕೂತರು. ಆಗಿನ ಲೆಕ್ಕ ಬೇರೆ; ಅದನ್ನು ಕೇಳುವ ಹಕ್ಕೂ ನಮಗಿದೆ. ಪ್ರವಾದಿತನ ಯಾರ ಮನೆಯ ಪಿತ್ರಾರ್ಜಿತವೂ ಅಲ್ಲ.

ಇನ್ನೂ ಹತ್ತಿರದ ಕಾಲಕ್ಕೆ ಬನ್ನಿರಿ. ಯೇಸುಸಭೆಯ ಪಾದ್ರಿ ಸ್ಟ್ಯಾನ್ ಸ್ವಾಮಿಯವರು ತಮಿಳುನಾಡಿನಲ್ಲಿ ಹುಟ್ಟಿದವರು. 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಹೋಗಿ, ಅವರ ಭೂಮಿಯ ಬಗ್ಗೆ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಅವರ ಹುಡುಗರ ಬಗ್ಗೆ ಬರೆದರು, ಕೋರ್ಟಿಗೂ ಹೋದರು. 2020ರ ಅಕ್ಟೋಬರ್ 8ರಂದು ರಾಷ್ಟ್ರೀಯ ತನಿಖಾ ದಳದವರು ಭೀಮಾ ಕೋರೆಗಾಂವ್ ಮೊಕದ್ದಮೆಯಲ್ಲಿ ಅವರನ್ನು ಬಂಧಿಸಿದರು. ಆಗ ಅವರಿಗೆ 83 ವರ್ಷ. ಆರೋಪಗಳು ಸುಳ್ಳೆಂದು ಅವರು ಹೇಳಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಹೀರಲು ಒಂದು ಕೊಳವೆ, ಒಂದು ಹೀರು ಲೋಟ ಕೊಡಿಸಿರೆಂದು ನವೆಂಬರ್ 6ರಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದಕ್ಕೆ ಉತ್ತರ ಕೊಡಲು ತನಿಖಾ ದಳಕ್ಕೆ 20 ದಿನ ಸಿಕ್ಕಿತು. ಉತ್ತರ ಬಂದದ್ದು, ಅದು ನಮ್ಮ ಹತ್ತಿರ ಇಲ್ಲವೆಂದು. 2021ರ ಮಾರ್ಚಿನಲ್ಲಿ ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿತು. ಜುಲೈ 5ರಂದು ಮುಂಬೈ ಹೈಕೋರ್ಟಿನಲ್ಲಿ ಜಾಮೀನಿನ ವಿಚಾರಣೆ ನಡೆಯಬೇಕಾದ ಹೊತ್ತಿಗೆ, ಅವರು ತೀರಿಕೊಂಡ ಸುದ್ದಿಯನ್ನು ವೈದ್ಯರು ಹೇಳಿದರು. ಮೊಕದ್ದಮೆಯ ವಿಚಾರಣೆ ಇನ್ನೂ ಆರಂಭವೇ ಆಗಿರಲಿಲ್ಲ.

ಅವರು ತೀರಿದ ಮೇಲೆ ನಾವು ಮೇಣದ ಬತ್ತಿ ಹಚ್ಚಿದೆವು, ಫೋಟೋಕ್ಕೆ ಹೂ ಹಾಕಿದೆವು. ಅದು ತಪ್ಪಲ್ಲ. ಆದರೆ ಮತ್ತಾಯನ 23ನೆಯ ಅಧ್ಯಾಯದಲ್ಲಿ ಕರ್ತನು ಸತ್ತ ಪ್ರವಾದಿಗಳ ಗೋರಿಗಳನ್ನು ಅಲಂಕರಿಸುವವರಿಗೆ ಏನು ಹೇಳುತ್ತಾನೆಂದು ಓದಿ ನೋಡಿರಿ. ನಮ್ಮ ಪಿತೃಗಳ ಕಾಲದಲ್ಲಿ ನಾವಿದ್ದಿದ್ದರೆ ಕೊಲೆಯಲ್ಲಿ ಪಾಲುಗಾರರಾಗುತ್ತಿರಲಿಲ್ಲ ಎನ್ನುತ್ತಾರಂತೆ. ನಾವೂ ಹಾಗೇ ಎನ್ನುತ್ತೇವೆ. ಆದರೆ ತಕ್ಕಡಿಯ ಹತ್ತಿರ ನಾವಿದ್ದೆವು. ಏನು ಮಾಡಿದೆವು?

ದುಷ್ಟ ಅರಸನು ಒಬ್ಬನೇ ಏನನ್ನೂ ಮಾಡಲಾರನು. ಇದೇ ನಾವು ಹೇಳಬೇಕೆಂದಿರುವ ಮಾತು. ಅಹಾಬನಿಗೆ ಪತ್ರ ಪಾಲಿಸುವ ಹಿರಿಯರು ಬೇಕು. ಹೌದೆನ್ನುವ ಪ್ರವಾದಿಗಳು ಬೇಕು. ಅರಸುಗಳು 22ನೆಯ ಅಧ್ಯಾಯದಲ್ಲಿ ಅಂಥವರು ಸುಮಾರು 400 ಮಂದಿ ಇದ್ದರು. ಯುದ್ಧಕ್ಕೆ ಹೋಗು, ಜಯ ನಿನ್ನದೇ ಎಂದರು. ಮೀಕಾಯೆಹು ಒಬ್ಬನೇ ಸೋಲು ಕಂಡಿತೆಂದನು. ಅವನನ್ನು ಕರೆಯಲು ಹೋದ ಸೇವಕನು ದಾರಿಯಲ್ಲಿ, ಎಲ್ಲರೂ ಹೇಳಿದಂತೆ ನೀನೂ ಹೇಳಿಬಿಡು ಎಂದು ಬುದ್ಧಿ ಹೇಳಿದನು. ಒಳ್ಳೆಯ ಮನುಷ್ಯನೇ ಇರಬೇಕು. ನಮ್ಮಂಥವನು. ಮೀಕಾಯೆಹುವಿಗೆ ಕೆನ್ನೆಗೆ ಏಟು, ಸೆರೆಮನೆ, ಅರೆಹೊಟ್ಟೆಯ ರೊಟ್ಟಿ ನೀರು ಸಿಕ್ಕಿತು. ಅಹಾಬನು ಯುದ್ಧದಲ್ಲಿ ಸತ್ತನು. ನಾನೂರು ಬಾಯಿಗಳ ಹೌದು ಅವನನ್ನು ಉಳಿಸಲಿಲ್ಲ.

ಇಲ್ಲಿ ಯೂನಿಯನ್ನಿನ ಕಡೆಗೂ ಒಂದು ಮಾತು ಹೇಳದಿದ್ದರೆ ನಾವು ಅರ್ಧ ಸತ್ಯ ಬರೆದಂತಾಗುತ್ತದೆ. ಆ ನಾನೂರು ಮಂದಿ ದೇವಾಲಯದಲ್ಲಿ ಮಾತ್ರ ಇಲ್ಲ. ಚಂದಾ ಎತ್ತಿ ಲೆಕ್ಕ ತೋರಿಸದ ಮುಖಂಡನೂ, ಮಾಲೀಕರ ಜೀಪಿನಲ್ಲಿ ಬಂದು ಮಾಲೀಕರ ಜೀಪಿನಲ್ಲೇ ಹೋಗುವ ಮುಖಂಡನೂ ಅವರಲ್ಲಿ ಸೇರಿದವರೇ. ಹಾಗೆಯೇ ಪ್ರತಿ ಮಾಲೀಕನೂ ಅಹಾಬನಲ್ಲ, ಪ್ರತಿ ರೈಟರೂ ನೀಚನಲ್ಲ. ಓಬದ್ಯನನ್ನು ನೆನೆಯಿರಿ. ಅವನು ಅಹಾಬನ ಅರಮನೆಯ ಮೇಲ್ವಿಚಾರಕನು, ಅರಸನ ಸಂಬಳ ತಿನ್ನುವವನು. ಈಜೆಬೆಲಳು ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ನೂರು ಮಂದಿಯನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಬಚ್ಚಿಟ್ಟು ರೊಟ್ಟಿ ನೀರು ಕೊಟ್ಟು ಸಾಕಿದನು. ತೋಟದ ಆಫೀಸಿನಲ್ಲಿ ಕೂತಿರುವ ವಿಶ್ವಾಸಿಯೂ ಈ ಲೇಖನ ಓದುತ್ತಿದ್ದರೆ, ನಿನಗೂ ದಾರಿಯುಂಟು ತಮ್ಮಾ.

ಪ್ರವಾದಿಯಾಗು ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಆ ಕರೆ ದೇವರದು. ಆದರೆ ಪ್ರವಾದಿ ಬಾವಿಗೆ ಬಿದ್ದಾಗ ಹಗ್ಗ ಹಿಡಿಯುವುದು ಎಲ್ಲರ ಕೆಲಸ. ಯೆರೆಮೀಯ 38ನೆಯ ಅಧ್ಯಾಯ. ಅಧಿಪತಿಗಳು ಪ್ರವಾದಿಯನ್ನು ಕೆಸರಿನ ಬಾವಿಗೆ ಇಳಿಸಿದರು. ಅರಸನು, ನಿಮ್ಮನ್ನು ತಡೆಯಲು ನನ್ನಿಂದಾಗದು ಎಂದು ಕೈ ತೊಳೆದುಕೊಂಡನು. ಎಬೆದ್ಮೆಲೆಕನೆಂಬ ಕೂಷ್ಯನು, ಪರದೇಶದವನು, ಅರಮನೆಯ ಆಳು, ಅರಸನ ಮುಂದೆ ನಿಂತು ಇದು ಅನ್ಯಾಯವೆಂದನು. ಅಪ್ಪಣೆ ಪಡೆದು, ಹಳೆಯ ಬಟ್ಟೆ ಚಿಂದಿಗಳನ್ನು ಹುಡುಕಿ ತಂದು, ಕಂಕುಳಿಗೆ ಹಗ್ಗ ಒತ್ತದಂತೆ ಇಟ್ಟುಕೋ ಎಂದು ಇಳಿಬಿಟ್ಟು, ಮೇಲಕ್ಕೆ ಎಳೆಸಿದನು. ಆ ಚಿಂದಿಯನ್ನು ದೇವರು ಗ್ರಂಥದಲ್ಲಿ ಬರೆಸಿದ್ದಾನೆ. ಸ್ಟ್ಯಾನ್ ಸ್ವಾಮಿಯವರಿಗೂ ಜೈಲಿನಲ್ಲಿ ಊಟಕ್ಕೆ, ಸ್ನಾನಕ್ಕೆ, ಬಟ್ಟೆ ಒಗೆಯಲು ಕೈಗೂಡಿಸಿದವರು ಜೊತೆಯ ಕೈದಿಗಳೇ; ಅವರಲ್ಲಿ ಬಹಳ ಬಡ ಮನೆಗಳ ಹುಡುಗರೂ ಇದ್ದರೆಂದು ಅವರೇ ಪತ್ರದಲ್ಲಿ ಬರೆದಿದ್ದರು. ದೊಡ್ಡ ಕಚೇರಿಗಳಲ್ಲಿ ಸಿಗದ ಕರುಣೆ ಕೈದಿಗಳ ಬ್ಯಾರಕ್ಕಿನಲ್ಲಿ ಸಿಕ್ಕಿತು.

ಇನ್ನು ಬಾರೂಕನು. ಯೆರೆಮೀಯನು ಹೇಳಿದ್ದನ್ನು ಬರೆದುಕೊಂಡವನು, ನಮ್ಮ ಹಾಗೆ ಅಕ್ಷರ ಬಲ್ಲವನು. ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು, ಆ ಸುರುಳಿಯನ್ನು ಓದಿದಷ್ಟು ಓದಿದಷ್ಟು ಕೊಯ್ದು ಬೆಂಕಿಗೆ ಹಾಕಿಸಿದನು. ಬಾರೂಕನು ಇನ್ನೊಂದು ಸುರುಳಿ ತೆಗೆದುಕೊಂಡು ಮೊದಲಿಂದ ಬರೆದನು. ಮೊದಲಿನದಕ್ಕಿಂತ ಹೆಚ್ಚಾಗಿಯೇ ಬರೆದನು. ಅಕ್ಷರ ಕಲಿತವನ ಕೆಲಸ ಅದು. ನಾವು ಅಕ್ಷರ ಕಲಿತು ಮಾಡಿದ್ದೇನು? ಸುಳ್ಳನ್ನು ಓದಿ, ಸುಳ್ಳಲ್ಲವೆಂದು ಹೇಳಿದೆವು.

ಆದ್ದರಿಂದ ಬರುವ ಕೊಯ್ಲಿಗೆ ಮುಂಚೆ ನಾಲ್ಕು ಮಾತು ನೆನಪಿಡಿರಿ. ಒಂದು, ಪೂರ್ತಿ ಓದಿ ಹೇಳದ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೇಡ. ಓದುವವನು ಒಬ್ಬನೇ ಸಾಲದು, ಇಬ್ಬರು ಓದಲಿ. ಅವರಲ್ಲಿ ಒಬ್ಬರು ಶಾಲೆಗೆ ಹೋಗುವ ಮಕ್ಕಳಾಗಿರಲಿ, ಮಕ್ಕಳಿಗೆ ಇನ್ನೂ ಸುಳ್ಳು ಓದಲು ಬರುವುದಿಲ್ಲ. ಎರಡು, ದಿನದ ತೂಕವನ್ನು ಅವರವರ ಪುಸ್ತಕದಲ್ಲಿ ಅಂದಂದೇ ಬರೆಯಿಸಿರಿ. ಇದು ನಿಮ್ಮ ಬಾರೂಕನ ಸುರುಳಿ. ಮೂರು, ತಕ್ಕಡಿಗೆ ಸರ್ಕಾರದ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯೇ ನೋಡಿರಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ವ್ಯವಹಾರದ ತಕ್ಕಡಿಯನ್ನು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಕೇಳುವುದು ಜಗಳವಲ್ಲ. ನಾಲ್ಕು, ಕೇಳಿದವರನ್ನು ಒಬ್ಬಂಟಿ ಮಾಡಬೇಡಿರಿ. ಕೆಲಸ ಹೋದವರ ಒಲೆ ಆರದಂತೆ ಮನೆಗೊಂದು ಸೇರು ಅಕ್ಕಿ ಎತ್ತಿರಿ. ಓಬದ್ಯನ ರೊಟ್ಟಿ ಅದು.

ನಮ್ಮ ವಿಷಯ ಹೇಳಿ ಮುಗಿಸುತ್ತೇವೆ. ಆ ತಂಗಿಯ ದೂರು ಕಾರ್ಮಿಕ ಅಧಿಕಾರಿಗಳ ಮುಂದಿದೆ. ಅವಳ ವಿರುದ್ಧ ಇರುವ ದೊಡ್ಡ ಸಾಕ್ಷಿ ಆ ಕಾಗದ. ಆ ಕಾಗದದಲ್ಲಿ ಅಕ್ಷರದ ಸಹಿ ನಮ್ಮದೊಂದೇ. ವಿಚಾರಣೆಯ ದಿನ ನಾವು ಹೋಗುತ್ತೇವೆ. ಓದಿ ಸುಳ್ಳು ಹೇಳಿದವರು ನಾವೇ, 25ರ ಮೂಟೆ 23 ತೂಗಿದ್ದನ್ನು ಕಣ್ಣಾರೆ ಕಂಡವರೂ ನಾವೇ ಎಂದು ಹೇಳುತ್ತೇವೆ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವಳು ಚಹಾ ಕೊಟ್ಟಳು, ಕ್ಷಮಿಸಿದೆನೆಂದು ಹೇಳಲಿಲ್ಲ. ಸಾಕ್ಷಿ ಹೇಳಿದ ಮೇಲೆ ನೋಡೋಣ ಎಂದಳು. ಅವಳ ಮಾತು ನ್ಯಾಯವಾಗಿದೆ.

ಸಾಕ್ಷಿ ಹೇಳಿದರೆ ಮುಂದಿನ ಕೊಯ್ಲಿಗೆ ಆ ತೋಟದ ಗೇಟು ನಮಗೆ ತೆರೆಯಲಿಕ್ಕಿಲ್ಲ. ಬೇರೆ ತೋಟಗಳಿಗೂ ಸುದ್ದಿ ಹೋಗಬಹುದು. ಭಯವಿಲ್ಲವೆಂದರೆ ಸುಳ್ಳಾಗುತ್ತದೆ, ಈಗಾಗಲೇ ಒಂದು ಸುಳ್ಳು ಸಾಕಾಗಿದೆ. ಧರ್ಮಶಾಸ್ತ್ರ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ನಾಬೋತನನ್ನು ಕೊಲ್ಲಲು ಇಬ್ಬರು ಸಿಕ್ಕಿದರು. ಅವಳನ್ನು ಉಳಿಸಲು ನಮ್ಮ ಜೊತೆ ಇನ್ನೊಬ್ಬರು ಬೇಕು. ಆ ದಿನ ತಕ್ಕಡಿಯ ಸುತ್ತ ನಿಂತಿದ್ದವರು ಈ ಪತ್ರಿಕೆಯನ್ನು ಓದಿಸಿಕೊಂಡು ಕೇಳುತ್ತಿದ್ದೀರಿ ಎಂಬುದು ನಮಗೆ ಗೊತ್ತು. ನಿಮ್ಮ ಹೆಬ್ಬೆಟ್ಟಿನ ಮಸಿ ನಮ್ಮಿಂದ ಹತ್ತಿದ್ದು; ತೊಳೆಯಲು ನಮ್ಮ ಜೊತೆ ಬನ್ನಿರಿ.

ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟಿದೆಯೆಂದು ಅಪೊಸ್ತಲನಾದ ಯಾಕೋಬನು ಬರೆದಿದ್ದಾನೆ. ಆ ಕಿವಿಗೆ ನಮ್ಮ ಮೌನವೂ ಮುಟ್ಟುತ್ತದೆ. ದೇವರು ನಮ್ಮನ್ನು ಕ್ಷಮಿಸಲಿ, ನಮ್ಮ ಬಾಯಿ ತೆರೆಯಲಿ.

ಕರ್ತನ ಸೇವೆಯಲ್ಲಿ,
ನಾರ್ವದ ಉಪದೇಶಿ